ಮುಂಬಯಿಯ ಕಲ್ಲಿನಲ್ಲಿ ಧಾರವಾಡದ ಹತ್ತಿ

ಧಾರವಾಡದಿಂದ ಸವದತ್ತಿ ರಸ್ತೆ ಹಿಡಿದು ಹೊರಟರೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಅಮ್ಮಿನಬಾವಿ ಸಿಗುತ್ತದೆ. ಹಳೆಯ ಜೈನ ಬಸದಿ, ಪಂಚಗೃಹ ಹಿರೇಮಠ, ಊರು ದಾಟಿದ ಕೂಡಲೇ ಕಣ್ಣಿಗೆ ಬೀಳುವ ಎರೆ ಹೊಲಗಳು. ಇಂದು ಪೇಟೆಯವರು ಈ ಊರಿನ ಹೆಸರೆತ್ತುವುದು ಹೆಚ್ಚಾಗಿ ನೀರಿನ ಕಾರಣಕ್ಕೆ. ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭೆಯ ನೀರು ಇಲ್ಲಿ ಶುದ್ಧಗೊಂಡು ಅವಳಿನಗರದ ನಳಗಳಿಗೆ ಹೋಗುತ್ತದೆ. ನೂರೈವತ್ತು ವರ್ಷಗಳ ಹಿಂದೆ ಈ ಸೀಮೆಯಿಂದ ಹೊರಗೆ ಹೋಗುತ್ತಿದ್ದ ಮುಖ್ಯ ವಸ್ತು ಹತ್ತಿ. ಆ ಹತ್ತಿ ಎಲ್ಲಿಗೆ ಹೋಯಿತು, ಅದರ ದುಡ್ಡು ಎಲ್ಲಿ ಕಲ್ಲಾಗಿ ನಿಂತಿತು ಎಂದು ನೋಡಬೇಕಾದರೆ ಮುಂಬಯಿಗೆ ಹೋಗಬೇಕು.

ನಮ್ಮ ಕಡೆಯವರು ಮುಂಬಯಿಗೆ ಹೋಗುವುದೇನೂ ಹೊಸದಲ್ಲ. ಹುಬ್ಬಳ್ಳಿಯಲ್ಲಿ ಗಾಡಿ ಹತ್ತಿ ಮರುದಿನ ಬೆಳಿಗ್ಗೆ ದಾದರಿನಲ್ಲಿ ಇಳಿಯುತ್ತಾರೆ. ಗೇಟ್‌ವೇ ಮುಂದೆ ಫೋಟೋ, ತಾಜ್ ಹೋಟೆಲಿನ ಹೊರಗಿನಿಂದ ಒಂದು ನೋಟ, ಮರೀನ್ ಡ್ರೈವ್, ಸಿದ್ಧಿವಿನಾಯಕ, ಹಾಜಿ ಅಲಿ, ಚೌಪಾಟಿಯ ಭೇಲ್. ಎರಡು ದಿನದಲ್ಲಿ ಎಲ್ಲ ಮುಗಿಸಿ ವಾಪಸ್. ಇದರಲ್ಲಿ ತಪ್ಪೇನಿಲ್ಲ. ಆದರೆ ಬೇರೆ ರಾಜ್ಯದ ದೊಡ್ಡ ಊರೊಂದನ್ನು ನೋಡಿದಂತೆ ನೋಡಿ ಬರುತ್ತಾರಲ್ಲ, ಅದು ನನಗೆ ನೋವಿನ ಸಂಗತಿ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಿಂದ 1956ರ ಅಕ್ಟೋಬರ್ 31ರವರೆಗೆ ಧಾರವಾಡಕ್ಕೆ ಮುಂಬಯಿಯೇ ರಾಜಧಾನಿ. ನಮ್ಮ ಅಜ್ಜಂದಿರು ಕಂದಾಯ ಕಟ್ಟಿದ್ದು ಆ ಸರಕಾರಕ್ಕೆ, ಮೇಲ್ಮನವಿ ಹಾಕಿದ್ದು ಆ ಕೋರ್ಟಿಗೆ, ಪದವಿ ಪಡೆದದ್ದು ಆ ವಿಶ್ವವಿದ್ಯಾಲಯದಿಂದ. 2021ರಲ್ಲಿ ‘ಮುಂಬಯಿ ಕರ್ನಾಟಕ’ ಎಂಬ ಹೆಸರು ಹೋಗಿ ‘ಕಿತ್ತೂರು ಕರ್ನಾಟಕ’ ಬಂದಿತು. ಅದು ಸರಿಯಾದ ಕೆಲಸವೇ. ಹೆಸರಿನ ಜೊತೆಗೆ ಆ ಚರಿತ್ರೆಯನ್ನೂ ಬಿಟ್ಟುಕೊಟ್ಟರೆ ನಷ್ಟ ನಮ್ಮದು.

ಹತ್ತಿಯಿಂದಲೇ ಶುರು ಮಾಡೋಣ. ಧಾರವಾಡ ಜಿಲ್ಲೆಯ ಎರೆ ಮಣ್ಣಿನಲ್ಲಿ ಮೊದಲಿನಿಂದ ಬೆಳೆಯುತ್ತಿದ್ದದ್ದು ನಾಡಹತ್ತಿ. 1840ರ ದಶಕದಲ್ಲಿ ಇಂಗ್ಲಿಷರು ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ತರಿಸಿ ಇಲ್ಲಿ ಬಿತ್ತಿಸಿದರು. ಹಿಂದೂಸ್ತಾನದ ಬಹಳಷ್ಟು ಕಡೆ ಸೋತ ಆ ಬೀಜ ಧಾರವಾಡ ಸೀಮೆಯಲ್ಲಿ ಬೇರು ಬಿಟ್ಟಿತು. ಲಿವರ್‌ಪೂಲಿನ ಪೇಟೆಯಲ್ಲಿ ‘ಧಾರವಾಡ ಅಮೆರಿಕನ್’ ಎಂಬ ಹೆಸರಿಗೆ ಬೇರೆಯೇ ದರ ಕೂಗುವ ಕಾಲ ಬಂತು. ಆಗ ನಮಗೆ ರೈಲು ಇಲ್ಲ. ಅಂಡಿಗೆ ಕಟ್ಟಿದ ಅರಳೆಯನ್ನು ಚಕ್ಕಡಿಗೆ ಹೇರಿ, ಸಾಲುಸಾಲಾಗಿ ಮಲೆನಾಡು ದಾಟಿಸಿ, ಘಟ್ಟ ಇಳಿಸಿ ಕುಮಟಾ ಬಂದರಿಗೆ ಒಯ್ಯಬೇಕು. ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ. ಮಳೆಗಾಲ ಬಿತ್ತೆಂದರೆ ಘಟ್ಟದ ದಾರಿಯೂ ಇಲ್ಲ, ಬಂದರೂ ಇಲ್ಲ. ಹೀಗಾಗಿ ಬೇಸಿಗೆ ಮುಗಿಯುವುದರೊಳಗೆ ಮಾಲು ಮುಟ್ಟಿಸುವ ಧಾವಂತ. ಕುಮಟಾದ ಮೂಲಕ ಹೋದ ನಾಡಹತ್ತಿಗೆ ಹೊರದೇಶದ ವ್ಯಾಪಾರಿಗಳು ‘ಕುಮಟಾ’ ಎಂದೇ ಹೆಸರಿಟ್ಟರು. ಅದರ ಒಂದು ಗಿಡವೂ ಕುಮಟಾದಲ್ಲಿ ಬೆಳೆಯುತ್ತಿರಲಿಲ್ಲ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ದಕ್ಷಿಣದ ಬಂದರುಗಳನ್ನು ಉತ್ತರದವರು ಮುಚ್ಚಿಬಿಟ್ಟರು. ಲ್ಯಾಂಕಶೈರಿನ ಗಿರಣಿಗಳಿಗೆ ಅರಳೆ ಸಿಗದಾಯಿತು, ಅವರ ಕಣ್ಣು ಮುಂಬಯಿಯ ಕಡೆ ತಿರುಗಿತು. ಹತ್ತಿಯ ದರ ಹಲವು ಪಟ್ಟು ಏರಿತು. ದರ ಏರಿದಂತೆ ಬೆರಕೆಯೂ ಏರಿ, 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸ ತಡೆಯಲೆಂದೇ ಕಾನೂನು ತರಬೇಕಾಯಿತು. ಅದಕ್ಕೂ ಒಂದು ವರ್ಷ ಮೊದಲು, 1862ರಲ್ಲಿ, ಕುಮಟಾ ಕಾರವಾರಗಳಿದ್ದ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದ್ದರು. ನಮ್ಮ ಹತ್ತಿಗೆ ಸಮುದ್ರದ ಬಾಗಿಲು ಸಲೀಸಾಗಬೇಕು ಎಂಬುದೇ ಅದರ ಹಿಂದಿನ ಒಂದು ದೊಡ್ಡ ಕಾರಣ. ಧಾರವಾಡದ ಹೊಲಗಳಿಗಾಗಿ ಒಂದು ಜಿಲ್ಲೆಯ ಗಡಿಯೇ ಬದಲಾಯಿತು.

ಮುಂಬಯಿಯ ಫೋರ್ಟ್ ಭಾಗದ ಹಾರ್ನಿಮನ್ ಸರ್ಕಲ್ಲಿಗೆ ಹೋದರೆ ದುಂಡಗಿನ ತೋಟ, ಸುತ್ತ ಒಂದೇ ಅಳತೆಯ ಕಮಾನುಗಳ ಕಟ್ಟಡಗಳು ಕಾಣುತ್ತವೆ. ಒಂದು ಬದಿಗೆ 1718ರ ಸೇಂಟ್ ಥಾಮಸ್ ಚರ್ಚು, ಇನ್ನೊಂದು ಬದಿಗೆ 1833ರಲ್ಲಿ ಮುಗಿದ ಟೌನ್ ಹಾಲು, ಅಂದರೆ ಏಷ್ಯಾಟಿಕ್ ಸೊಸೈಟಿ. ತೋಟ ಆಗುವ ಮೊದಲು ಇದು ಬಯಲು. 1844ರಲ್ಲಿ ಹತ್ತಿ ಪೇಟೆಯನ್ನು ಕೊಲಾಬಾಕ್ಕೆ ಸ್ಥಳಾಂತರಿಸುವವರೆಗೆ ಅರಳೆಯ ರಾಶಿ ಬೀಳುತ್ತಿದ್ದದ್ದು ಇಲ್ಲೇ. ಇಂದು ಆ ಗುರುತು ಏನೂ ಉಳಿದಿಲ್ಲ. ಆದರೂ ನಮ್ಮ ಕಡೆಯವರು ಟೌನ್ ಹಾಲಿನ ಎತ್ತರದ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತು ಬರಬೇಕು. ಈ ಸೊಸೈಟಿಯ ಪತ್ರಿಕೆಯಲ್ಲೇ ಜೆ.ಎಫ್. ಫ್ಲೀಟ್ ನಮ್ಮ ಶಾಸನಗಳನ್ನು ಓದಿ ಪ್ರಕಟಿಸುತ್ತ ಹೋದದ್ದು. ಮುಂಬಯಿ ಸಿವಿಲ್ ಸರ್ವಿಸಿನ ಈ ಅಧಿಕಾರಿ ನಮ್ಮ ಜಿಲ್ಲೆಗಳಲ್ಲಿ ಓಡಾಡುತ್ತ ಕಲ್ಲು ಕಲ್ಲು ಹುಡುಕಿದವನು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ 1882ರಲ್ಲಿ ಅವನು ಹೊರತಂದ ಪುಸ್ತಕದ ಮೇಲೆಯೇ ಕದಂಬ, ಚಾಲುಕ್ಯ, ರಾಷ್ಟ್ರಕೂಟರ ಬಗೆಗಿನ ನಮ್ಮ ಬಹಳಷ್ಟು ತಿಳಿವಳಿಕೆ ಮೊದಲು ನಿಂತಿತು.

ಅಲ್ಲಿಂದ ಕಾಲ್ನಡಿಗೆಯಲ್ಲೇ ಓವಲ್ ಮೈದಾನಕ್ಕೆ ಹೋಗಬಹುದು. ಮುಂಬಯಿ ನೋಡಲು ಒಂದೇ ಜಾಗ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುವೆ, ಗೇಟ್‌ವೇಯನ್ನಲ್ಲ. ಮೈದಾನದ ನಡುವೆ ನಿಂತು ಪೂರ್ವಕ್ಕೆ ನೋಡಿದರೆ ಹಳೆಯ ಸೆಕ್ರೆಟರಿಯೇಟ್, ವಿಶ್ವವಿದ್ಯಾಲಯದ ಘಟಿಕೋತ್ಸವ ಭವನ, ಗ್ರಂಥಾಲಯ, ಗಡಿಯಾರ ಗೋಪುರ, ಹೈಕೋರ್ಟು, ಎಲ್ಲ ಒಂದೇ ಸಾಲಿನಲ್ಲಿ. ಪಶ್ಚಿಮಕ್ಕೆ ತಿರುಗಿದರೆ 1930ರ ದಶಕದ ಆರ್ಟ್ ಡೆಕೊ ಮನೆಗಳು. ಈ ಎರಡೂ ಸಾಲುಗಳನ್ನು ಸೇರಿಸಿ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು. ಪೂರ್ವದ ಸಾಲಿನ ಹಿಂದಿರುವುದು ಹತ್ತಿಯ ಕಾಲದ ಹಣ ಮತ್ತು ಹುರುಪು. ಗವರ್ನರ್ ಬಾರ್ಟ್ಲ್ ಫ್ರೇರ್ 1860ರ ದಶಕದಲ್ಲಿ ಕೋಟೆಯ ಗೋಡೆ ಕೆಡವಿಸಿ, ಜಾಗ ಮಾರಿ, ಈ ಕಟ್ಟಡಗಳ ಯೋಜನೆ ಹಾಕಿದ. ಸುರಿಯುತ್ತಿದ್ದ ಸಂಪತ್ತಿನಲ್ಲಿ ಊರಿನ ಸಾಹುಕಾರರು ದಾನಕ್ಕೆ ಮುಂದಾದರು.

ಅವರಲ್ಲಿ ಮೊದಲ ಹೆಸರು ಪ್ರೇಮಚಂದ ರಾಯಚಂದ. ಹತ್ತಿಯ ದೊರೆ ಎನ್ನಿಸಿಕೊಂಡ ಈ ಗುಜರಾತಿ ಜೈನ ವ್ಯಾಪಾರಿ 1864ರಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆಂದು ಎರಡು ಲಕ್ಷ ರೂಪಾಯಿ, ಗೋಪುರಕ್ಕೆಂದು ಮತ್ತೆ ಎರಡು ಲಕ್ಷ ರೂಪಾಯಿ ಕೊಡಲು ಮುಂದೆ ಬಂದ. ಗೋಪುರಕ್ಕೆ ತಾಯಿ ರಾಜಾಬಾಯಿಯ ಹೆಸರಿಡಬೇಕೆಂಬುದು ಅವನ ಆಸೆ. ಕಣ್ಣು ಕಾಣದ ಆ ತಾಯಿ ಸೂರ್ಯಾಸ್ತದೊಳಗೆ ಉಣ್ಣುವ ಜೈನ ವ್ರತ ಬಿಡಬಾರದು, ಗಂಟೆಯ ಸದ್ದು ಅವಳಿಗೆ ಹೊತ್ತು ತಿಳಿಸಬೇಕು ಎಂದು ಕಟ್ಟಿಸಿದ ಎಂಬ ಕತೆಯನ್ನು ಮುಂಬಯಿಯ ಜನ ಈಗಲೂ ಹೇಳುತ್ತಾರೆ. 1865ರಲ್ಲಿ ಅಮೆರಿಕದ ಯುದ್ಧ ನಿಂತಿತು, ಹತ್ತಿಯ ದರ ಕುಸಿಯಿತು, ಬ್ಯಾಂಕುಗಳು ಮುಳುಗಿದವು, ಪ್ರೇಮಚಂದನೂ ದಿವಾಳಿಯಾದ. ಗೋಪುರ ಮಾತ್ರ ಎದ್ದಿತು. ನಕ್ಷೆ ಬರೆದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಲಂಡನ್ನಿನಲ್ಲೇ ಕೂತು ಬರೆದ, ಮುಂಬಯಿಗೆ ಕಾಲಿಡಲಿಲ್ಲ. 1878ರಲ್ಲಿ ಕೆಲಸ ಮುಗಿದಾಗ ಎತ್ತರ 280 ಅಡಿ.

ಗೋಪುರವನ್ನು ಸುಮ್ಮನೆ ತಲೆಯೆತ್ತಿ ನೋಡಿ ಹೊರಟುಬಿಡಬೇಡಿ. ಮೇಲಿನ ಹಂತಗಳ ಮೂಲೆಗೂಡುಗಳಲ್ಲಿ ಆಳೆತ್ತರದ ಕಲ್ಲಿನ ಜನ ನಿಂತಿದ್ದಾರೆ. ಪಶ್ಚಿಮ ಹಿಂದೂಸ್ತಾನದ ಬೇರೆ ಬೇರೆ ಜಾತಿ ಸಮುದಾಯಗಳ 24 ಮೂರ್ತಿಗಳು. ಒಬ್ಬೊಬ್ಬನ ಪೇಟದ ಸುತ್ತು, ಅಂಗರಖಾದ ನೆರಿಗೆ ಬೇರೆ ಬೇರೆ. ಇವನ್ನು ರೂಪಿಸಿದವನು ಮುಕುಂದ ರಾಮಚಂದ್ರ ಎಂಬ ದೇಶೀ ಎಂಜಿನಿಯರ್. ಮೊನೆ ಕಮಾನುಗಳ ವಿಲಾಯತಿ ಗೋಪುರದ ಮೇಲೆ ಪೇಟ ಸುತ್ತಿದ ನಮ್ಮ ಜನ ನಿಂತಿರುವುದನ್ನು ಮೈದಾನದಿಂದ ದುರ್ಬೀನು ಹಿಡಿದು ನೋಡಿದರೆ ಚೆನ್ನಾಗಿ ಕಾಣುತ್ತದೆ.

ಇದೇ ಪ್ರೇಮಚಂದನಿಗೂ ಧಾರವಾಡಕ್ಕೂ ಇರುವ ಇನ್ನೊಂದು ನಂಟನ್ನು ನಮ್ಮಲ್ಲಿ ಬಹಳ ಜನ ಕೇಳಿಲ್ಲ. 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಮೇಲೆ ಒಂದು ದೊಡ್ಡ ಫೋಟೋ ಪುಸ್ತಕ ಅಚ್ಚಾಯಿತು. ಪಿಗೊ, ನೀಲ್, ಬಿಗ್ಸ್ ಎಂಬ ಮೂವರು ತೆಗೆದ ಚಿತ್ರಗಳು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರೆದ ಟಿಪ್ಪಣಿಗಳು. ನಮ್ಮ ಗುಡಿಗಳನ್ನು ಕ್ಯಾಮೆರಾ ಹಿಡಿದು ಹೊರಜಗತ್ತಿಗೆ ತೋರಿಸಿದ ಮೊದಮೊದಲ ಪುಸ್ತಕಗಳಲ್ಲಿ ಇದೂ ಒಂದು. ಅದರ ಪೋಷಕ ಪ್ರೇಮಚಂದ ರಾಯಚಂದ. ಹತ್ತಿಯ ಲಾಭ ಗೋಪುರಕ್ಕೆ ಹೋದಂತೆ, ಸ್ವಲ್ಪವಾದರೂ ನಮ್ಮ ಗುಡಿಗಳ ಚಿತ್ರಕ್ಕೂ ಬಂದಿತ್ತು. ಬೆಳೆದ ರೈತನಿಗೆ ಎಷ್ಟು ಉಳಿಯಿತು ಎಂಬ ಪ್ರಶ್ನೆ ಬೇರೆ. ದರ ಬಿದ್ದಾಗ ಸಾಲದ ಹೊರೆ ಬಿದ್ದದ್ದು ಅವನ ತಲೆಯ ಮೇಲೆಯೇ, ಮತ್ತು ಅವನ ಮೂರ್ತಿ ಯಾವ ಸರ್ಕಲ್ಲಿನಲ್ಲೂ ಇಲ್ಲ.

ಗೋಪುರದ ಕೆಳಗಿನ ಗ್ರಂಥಾಲಯವೂ ಪಕ್ಕದ ಘಟಿಕೋತ್ಸವ ಭವನವೂ ಧಾರವಾಡದ ಮೂರು ತಲೆಮಾರಿನ ಓದಿದವರಿಗೆ ಗೊತ್ತಿದ್ದ ಜಾಗಗಳು. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು ಮುಂಬಯಿ ವಿಶ್ವವಿದ್ಯಾಲಯಕ್ಕೇ ಸೇರಿತ್ತು. ಬೇಂದ್ರೆಯವರು ಪುಣೆಯಲ್ಲಿ ಓದಿದರೂ ಪದವಿ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೋಗುವ ಮೊದಲು ಪದವಿ ಪಡೆದದ್ದೂ ಇಲ್ಲಿಂದಲೇ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದಾಗಲೂ ಅದರ ಕಚೇರಿ ಮೊದಲು ತೆರೆದದ್ದು ಮುಂಬಯಿಯಲ್ಲಿ. ಧಾರವಾಡಕ್ಕೆ ಬಂದದ್ದು ಮರುವರ್ಷ.

ಪಕ್ಕದಲ್ಲೇ ಹೈಕೋರ್ಟು. ಕರ್ನಲ್ ಫುಲ್ಲರ್ ನಕ್ಷೆಯ ಈ ಕಟ್ಟಡ 1871ರಲ್ಲಿ ಶುರುವಾಗಿ 1878ರಲ್ಲಿ ಮುಗಿಯಿತು. ಇನಾಮು, ವತನ, ದತ್ತಕ, ಪಾಲುಪಟ್ಟಿ, ಹೀಗೆ ನಮ್ಮ ಹಳ್ಳಿಗಳ ಎಷ್ಟೋ ತಕರಾರುಗಳ ಕೊನೆಯ ಬಾಗಿಲು ಇದು. ಧಾರವಾಡದ ಕೋರ್ಟಿನಲ್ಲಿ ಸೋತವರು ಕಾಗದದ ಗಂಟು ಕಟ್ಟಿಕೊಂಡು ಇಲ್ಲಿಗೆ ಬರಬೇಕಿತ್ತು. ಒಳಗಿನ ಕಂಬವೊಂದರ ಮೇಲೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ತಕ್ಕಡಿ ಹಿಡಿದ ಕೋತಿ, ಇನ್ನೊಂದೆಡೆ ವಕೀಲರ ಕೊರಳಪಟ್ಟಿ ಕಟ್ಟಿದ ನರಿಯ ಕೆತ್ತನೆ ಇವೆ. ಗುತ್ತಿಗೆಯ ವ್ಯಾಜ್ಯದಲ್ಲಿ ಸೋತವನೊಬ್ಬ ಸಿಟ್ಟಿನಿಂದ ಕೆತ್ತಿಸಿದ್ದು ಎಂಬ ಕತೆ ಇದೆ. 1956ರ ನಂತರ ನಮ್ಮ ಮೇಲ್ಮನವಿಗಳು ಬೆಂಗಳೂರಿನ ದಾರಿ ಹಿಡಿದವು. 2008ರ ಜುಲೈ 4ರಂದು ಧಾರವಾಡದಲ್ಲೇ ಸಂಚಾರಿ ಪೀಠ ತೆರೆಯಿತು, 2013ರಲ್ಲಿ ಅದು ಕಾಯಂ ಆಯಿತು. ಮುಂಬಯಿಯ ಕೋರ್ಟನ್ನು ನೋಡಿ ಬಂದವರಿಗೆ ಧಾರವಾಡದ ಈ ಹೈಕೋರ್ಟ್ ಪೀಠದ ಬೆಲೆ ಇನ್ನಷ್ಟು ತಿಳಿಯುತ್ತದೆ.

ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಹಳಬರ ಬಾಯಲ್ಲಿ ವಿ.ಟಿ., ಕಟ್ಟಲು ಶುರುವಾದದ್ದೂ 1878ರಲ್ಲೇ. ಎಫ್.ಡಬ್ಲ್ಯೂ. ಸ್ಟೀವನ್ಸ್ ನಕ್ಷೆ, ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೆತ್ತನೆ. ಹೆಬ್ಬಾಗಿಲ ಕಂಬಗಳ ಮೇಲೆ ಬ್ರಿಟನ್ನಿನ ಸಿಂಹ, ಹಿಂದೂಸ್ತಾನದ ಹುಲಿ. ಈ ನಿಲ್ದಾಣ ಏಳುತ್ತಿದ್ದ ವರ್ಷಗಳಲ್ಲೇ ಸದರ್ನ್ ಮರಾಠಾ ರೈಲ್ವೆ ಪುಣೆ, ಲೋಂಡಾ, ಧಾರವಾಡ, ಹುಬ್ಬಳ್ಳಿಗಳನ್ನು ಮೀಟರ್ ಗೇಜ್ ಹಳಿಯಿಂದ ಜೋಡಿಸುತ್ತಿತ್ತು. 1880ರ ದಶಕದ ಕೊನೆಗೆ ಗಾಡಿ ಓಡತೊಡಗಿತು, ಲೋಂಡಾದಿಂದ ಗೋವೆಯ ಮುರ್ಮಗೋವಾ ಬಂದರಿಗೂ ಹಳಿ ಬಿತ್ತು. ಘಟ್ಟ ಇಳಿಯುವ ಚಕ್ಕಡಿಗಳ ಸಾಲು ನಿಂತಿತು, ಕುಮಟಾ ಬಂದರು ಬಡವಾಯಿತು. ಮುಂಬಯಿಗೆ ಹೋಗುವ ಧಾರವಾಡದವರು ಪುಣೆಯಲ್ಲಿ ಸಾಮಾನು ಇಳಿಸಿ, ಬ್ರಾಡ್ ಗೇಜಿನ ಗಾಡಿಗೆ ಹತ್ತಿ, ವಿ.ಟಿ.ಯಲ್ಲಿ ಕಣ್ಣು ಬಿಡುತ್ತಿದ್ದರು. ಕನ್ನಡ ನಾಡಿನ ಎಷ್ಟೋ ಗಾಯಕರು, ಚಿತ್ರಕಾರರು, ನೌಕರಿ ಹುಡುಕಿ ಹೊರಟ ಹುಡುಗರು ಮುಂಬಯಿಯನ್ನು ಮೊದಲು ಕಂಡದ್ದು ಈ ಗುಮ್ಮಟದ ಕೆಳಗೆ. ಇಂದು ಹುಬ್ಬಳ್ಳಿಯ ಗಾಡಿಯಲ್ಲಿ ಬಂದವರು ದಾದರಿನಲ್ಲೇ ಇಳಿದುಬಿಡುತ್ತಾರೆ, ಆದ್ದರಿಂದ ವಿ.ಟಿ.ಯನ್ನು ಲೋಕಲ್ ಹಿಡಿದು ಹೋಗಿ ನೋಡಬೇಕು. ಕತ್ತಲಾದ ಮೇಲೆ ದೀಪ ಹಚ್ಚಿದಾಗ ಹೊರಗಿನಿಂದ ಚೆಂದ, ಬೆಳಗಿನ ಬಿಸಿಲಿನಲ್ಲಿ ಕೆತ್ತನೆ ಚೆಂದ.

ಗೇಟ್‌ವೇ ಆಫ್ ಇಂಡಿಯಾದ ಬಗ್ಗೆ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಹೇಳುವುದಿಲ್ಲ. ಐದನೆಯ ಜಾರ್ಜ್ ದೊರೆ 1911ರ ಡಿಸೆಂಬರಿನಲ್ಲಿ ಬಂದಿಳಿದಾಗ ಅಲ್ಲಿದ್ದದ್ದು ರಟ್ಟಿನ ಮಾದರಿ ಮಾತ್ರ. ಕಲ್ಲಿನದು 1924ರಲ್ಲಿ ಮುಗಿಯಿತು, 1948ರ ಫೆಬ್ರವರಿ 28ರಂದು ಕೊನೆಯ ಬ್ರಿಟಿಷ್ ಪಡೆ ಇದೇ ಬಾಗಿಲಿನಿಂದ ಹಡಗು ಹತ್ತಿತು. ಬಾಂದ್ರಾ ವರ್ಲಿ ಸೇತುವೆ, 2024ರಲ್ಲಿ ತೆರೆದ ಅಟಲ್ ಸೇತುವನ್ನು ಟ್ಯಾಕ್ಸಿಯಲ್ಲಿ ಕೂತೇ ನೋಡಬಹುದು.

ಗೇಟ್‌ವೇಯ ವಾಸ್ತುಶಿಲ್ಪಿ ಜಾರ್ಜ್ ವಿಟೆಟ್‌ನ ಇನ್ನೊಂದು ಕೆಲಸದ ಮುಂದೆ ಮಾತ್ರ ನಿಲ್ಲಲೇಬೇಕು. ಗೇಟ್‌ವೇಯಿಂದ ಕೂಗಳತೆಯಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ, ಹಿಂದಿನ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. 1905ರಲ್ಲಿ ಅಡಿಗಲ್ಲು, 1922ರಲ್ಲಿ ಜನರಿಗೆ ತೆರೆದದ್ದು. ಅದರ ನಡುವಿನ ಬಿಳಿಯ ಗುಮ್ಮಟವನ್ನು ನೋಡಿದ ಕೂಡಲೇ ನಮ್ಮ ಕಡೆಯವರಿಗೆ ಗುರುತು ಹತ್ತಬೇಕು. ಅದು ವಿಜಯಪುರದ ಗೋಲಗುಮ್ಮಟದ ಮಾದರಿ. ವಿ.ಟಿ. ಹತ್ತಿರದ ಜನರಲ್ ಪೋಸ್ಟ್ ಆಫೀಸಿನ ಗುಮ್ಮಟಕ್ಕೂ ಅದೇ ಮೂಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿಗೆ ವಿಲಾಯತಿ ಗೋಥಿಕ್ ಸಾಕಾಗಿ ಈ ನೆಲದ್ದೇ ಒಂದು ರೂಪ ಬೇಕೆನ್ನಿಸಿದಾಗ, ಅವರಿಗೆ ಕಂಡದ್ದು ಆಗ ತಮ್ಮದೇ ಪ್ರಾಂತದಲ್ಲಿದ್ದ ವಿಜಯಪುರ. ಆದಿಲಶಾಹಿ ಗವಂಡಿಗಳ ಲೆಕ್ಕಾಚಾರ ಎರಡೂವರೆ ಶತಮಾನದ ಮೇಲೆ ಸಮುದ್ರ ತೀರದಲ್ಲಿ ಮತ್ತೆ ಎದ್ದು ನಿಂತಿತು.

ಒಳಗೆ ಶಿಲ್ಪಗಳ ವಿಭಾಗಕ್ಕೆ ಹೋಗಿ. ಐಹೊಳೆಯ ಗುಡಿಯ ಛತ್ತಿನಿಂದ ಬಂದ ದೊಡ್ಡ ಚಪ್ಪಡಿಗಳು ಅಲ್ಲಿವೆ. ಬ್ರಹ್ಮ, ಶೇಷಶಾಯಿ ವಿಷ್ಣು, ಉಮೆಯೊಡನೆ ಶಿವ. ಚಾಲುಕ್ಯ ಶಿಲ್ಪಿ ಇವನ್ನು ಕೆತ್ತಿದ್ದು ತಲೆಯ ಮೇಲೆ, ಕತ್ತೆತ್ತಿ ನೋಡುವವರಿಗಾಗಿ. ಇಲ್ಲಿ ಅವು ಕಣ್ಣೆದುರಿಗೇ ಇವೆ. ಬ್ರಹ್ಮನ ಸುತ್ತ ನೆರೆದ ಋಷಿಗಳ ಗಡ್ಡದ ಎಳೆ, ಕೈಯೆತ್ತಿದ ಭಂಗಿ ಐಹೊಳೆಯ ಅರೆಗತ್ತಲಿನ ಛತ್ತಿನಲ್ಲಿ ಎಂದೂ ಇಷ್ಟು ಸ್ಪಷ್ಟ ಕಂಡಿರಲಾರವು. ಅವು ಐಹೊಳೆಯಲ್ಲೇ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಜತನವಾಗಿ ಉಳಿದಿವೆ ಎಂಬುದನ್ನೂ ಒಪ್ಪುತ್ತೇನೆ. ದಿನಕ್ಕೆ ನೂರಾರು ಕನ್ನಡಿಗರು ಹಾಯ್ದುಹೋಗುವ ಊರಿನಲ್ಲಿ ಅವುಗಳ ಮುಂದೆ ಕನ್ನಡದಲ್ಲಿ ನಾಲ್ಕು ಸಾಲಿನ ಫಲಕವೊಂದು ಇರಬೇಕೆಂದು ನಮ್ಮ ಸರಕಾರ ಕೇಳಿದರೆ ತಪ್ಪಾಗದು.

ಎಲಿಫಂಟಾಕ್ಕೆ, ಅಂದರೆ ಘಾರಾಪುರಿಗೆ, ಗೇಟ್‌ವೇಯಿಂದ ಲಾಂಚು ಹತ್ತಿದರೆ ಒಂದು ತಾಸು. ಸೋಮವಾರ ಗುಹೆ ಮುಚ್ಚಿರುತ್ತದೆ, ಮಳೆಗಾಲದಲ್ಲಿ ಸಮುದ್ರ ಏರಿದರೆ ಲಾಂಚು ಬಿಡುವುದಿಲ್ಲ. ದಂಡೆಯಿಂದ ಅಂಗಡಿಗಳ ನಡುವೆ ಮೆಟ್ಟಿಲು ಹತ್ತಿ ಮೇಲೆ ಹೋದರೆ ದೊಡ್ಡ ಗುಹೆ. ಆರನೆಯ ಶತಮಾನದ ನಡುಭಾಗದ್ದು, ಕಳಚುರಿಗಳ ಕಾಲದ್ದು ಎಂಬುದು ಹೆಚ್ಚಿನ ವಿದ್ವಾಂಸರ ಮತ. ಹಿಂದಿನ ಗೋಡೆಯಲ್ಲಿ ಐದೂವರೆ ಮೀಟರಿನಷ್ಟು ಎತ್ತರದ ಸದಾಶಿವ. ನೋಡುವವರ ಎಡಕ್ಕೆ ಮೀಸೆ ಹುರಿಗೊಂಡ, ಹಾವು ಹಿಡಿದ ಅಘೋರ. ಬಲಕ್ಕೆ ತಾವರೆ ಹಿಡಿದ ಹೆಣ್ಣು ಮೋರೆಯ ವಾಮದೇವ. ನಡುವೆ ಕಣ್ಣು ಮುಚ್ಚಿ ತನ್ನೊಳಗೇ ಇರುವ ತತ್ಪುರುಷ. ಹಲವು ಮಾರ್ಗದರ್ಶಿಗಳು ಇದನ್ನು ಬ್ರಹ್ಮ ವಿಷ್ಣು ಮಹೇಶ್ವರ ಎಂದು ಹೇಳಿ ಮುಗಿಸುತ್ತಾರೆ. ಪಂಚಮುಖ ಶಿವನ ಕಲ್ಪನೆ ಅಮ್ಮಿನಬಾವಿಯಂಥ ಮಠದ ಊರಿನವರಿಗೆ ಹೊಸದಲ್ಲ, ಅಘೋರ ತತ್ಪುರುಷ ಎಂಬ ಹೆಸರುಗಳು ಚಿಕ್ಕಂದಿನಿಂದ ಕಿವಿಗೆ ಬಿದ್ದಿರುತ್ತವೆ. ಆ ಮೂರ್ತಿಯ ಮುಂದೆ ನಮ್ಮವರು ಯಾರ ವಿವರಣೆಗೂ ಕಾಯಬೇಕಿಲ್ಲ.

ಈ ದ್ವೀಪಕ್ಕೂ ಬಾದಾಮಿಗೂ ಯುದ್ಧದ ಸಂಬಂಧ ಇರಬಹುದು. ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ಕವಿ ರವಿಕೀರ್ತಿ ಬರೆದ ಶಾಸನ, ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿದ್ದನ್ನೂ, ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ್ದನ್ನೂ ಹೇಳುತ್ತದೆ. ಆ ಪುರಿ ಇದೇ ಘಾರಾಪುರಿ ಎಂದು ಹಲವರು, ಜಂಜಿರಾ ಬಳಿಯ ರಾಜಾಪುರಿ ಎಂದು ಕೆಲವರು. ಅದು ಏನೇ ಇರಲಿ, ಬಾದಾಮಿಯ ದೊರೆ ಈ ಕಡಲಿನಲ್ಲಿ ನೌಕಾಪಡೆ ಇಳಿಸಿದ್ದ ಎಂಬುದನ್ನು ಲಾಂಚಿನಲ್ಲಿ ಕೂತಾಗ ಮಕ್ಕಳಿಗೆ ಹೇಳಬೇಕು.

ನಮ್ಮ ಶಾಲೆಗಳ ಪ್ರವಾಸದ ಪಟ್ಟಿ ಮಾಡುವ ಗುರುಗಳಿಗೆ ನನ್ನದೊಂದು ವಿನಂತಿ. ಮುಂಬಯಿಗೆ ಹೊರಡುವ ಮೊದಲಿನ ತಿಂಗಳು ಮಕ್ಕಳನ್ನು ಬಾದಾಮಿಗೆ ಕರೆದೊಯ್ಯಿರಿ. ಧಾರವಾಡದಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮರಳಬಹುದು. ಮೊದಲ ಗುಹೆಯ ಹದಿನೆಂಟು ತೋಳಿನ ನಟರಾಜ, ಅರ್ಧನಾರೀಶ್ವರ, ಮಂಗಳೇಶನ 578ರ ಶಾಸನವಿರುವ ಮೂರನೆಯ ಗುಹೆ, ಇಷ್ಟನ್ನು ನೋಡಿರಲಿ. ಘಾರಾಪುರಿಯಲ್ಲಿ ಮುರಿದ ನಟರಾಜನ ಮುಂದೆ, ಅಲ್ಲಿನ ಅರ್ಧನಾರೀಶ್ವರನ ಮುಂದೆ ನಿಂತಾಗ ಅವರೇ ಹೋಲಿಸಿ ಮಾತಾಡುತ್ತಾರೆ. ಮುಂಬಯಿಯಲ್ಲಿ ಮಧ್ಯಾಹ್ನದ ಊಟಕ್ಕೆ ಮಾಟುಂಗಾದ ಉಡುಪಿ ಖಾನಾವಳಿಗಳಿವೆ, 1942ರಿಂದ ನಡೆದು ಬಂದ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆ ಎಲೆಯ ಊಟ ಸಿಗುತ್ತದೆ. ಸಮೀಪದಲ್ಲೇ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಇದೆ. ಕನ್ನಡದ ನಾಟಕ, ಉಪನ್ಯಾಸ ಏನಾದರೂ ಇದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋದರೆ, ಒಂದು ಸಂಜೆಯನ್ನು ಅಲ್ಲಿಗೂ ಇಟ್ಟುಕೊಳ್ಳಬಹುದು.